ಮೊದಲ ದಿನದ ಪೈಥಾನ್ ಕಾರ್ಯಾಗಾರಕ್ಕೆ ಅಭ್ಯಾಸದ ಪ್ರಾಜೆಕ್ಟ್ ಸಿದ್ಧ ಮಾಡುವ ಬಗೆ

ಮೂವತ್ತು ಮಂದಿಯ ಲ್ಯಾಬಿನಲ್ಲಿ ಎಂಟು ಕಂಪ್ಯೂಟರುಗಳು ಮೊದಲ ಪ್ರೋಗ್ರಾಮನ್ನೇ ಓಡಿಸದೆ ಕೂತರೆ ಬೆಳಗಿನ ಹೊತ್ತು ಅಲ್ಲಿಗೇ ಮುಗಿಯಿತು. ಕಲಿಸುವವರು ಮೇಜಿನಿಂದ ಮೇಜಿಗೆ ಓಡುತ್ತಾರೆ, ಉಳಿದ ಇಪ್ಪತ್ತೆರಡು ಮಂದಿ ಮೊಬೈಲ್ ತೆಗೆಯುತ್ತಾರೆ. ಹಾಗಾಗಿ ಪಾಠದ ಸ್ಲೈಡುಗಳಿಗಿಂತ ಹೆಚ್ಚು ಸಮಯವನ್ನು ಅಭ್ಯಾಸದ ಫೈಲುಗಳಿಗೆ ಕೊಡಿ. ಇಲ್ಲಿ ಹೇಳುವುದೆಲ್ಲ ಪಿಯುಸಿ ಅಥವಾ ಪದವಿಯ ಮೊದಲ ವರ್ಷದವರಿಗೆ, ವಿಂಡೋಸ್ ಲ್ಯಾಬಿನಲ್ಲಿ, ನೆಟ್ ಇದ್ದರೂ ನಂಬುವಂತಿಲ್ಲ ಎಂದುಕೊಂಡು ನಡೆಸುವ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಒಂದು ದಿನದ ಕಾರ್ಯಾಗಾರಕ್ಕೆ.

ಮೊದಲು ಲ್ಯಾಬ್ ನೋಡಿ ಬನ್ನಿ

ಒಂದು ವಾರ ಮುಂಚೆ ಹೋಗಿ, ಅಲ್ಲಿರುವುದರಲ್ಲೇ ತೀರ ಹಳೆಯ ಕಂಪ್ಯೂಟರ್ ಮುಂದೆ ಕೂತುಕೊಳ್ಳಿ. ಅದರಲ್ಲಿ ಓಡಿದ್ದು ಬೇರೆಲ್ಲದರಲ್ಲೂ ಓಡುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿತು ಎಂಬುದು ಲೆಕ್ಕಕ್ಕಿಲ್ಲ. ವಿಂಡೋಸ್ 7 ಇದ್ದರೆ ಪೈಥಾನ್ 3.8ರ ಆಚೆಗಿನದು ಅಲ್ಲಿ ನಡೆಯುವುದಿಲ್ಲ. 32 ಬಿಟ್ಟೋ 64 ಬಿಟ್ಟೋ ಎಂದೂ ಬರೆದುಕೊಳ್ಳಿ. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡುವುದನ್ನು ಮರೆಯಬೇಡಿ: ಕೆಲವು ಲ್ಯಾಬುಗಳಲ್ಲಿ ರೀಸ್ಟಾರ್ಟ್ ಆದೊಡನೆ ಎಲ್ಲವೂ ಹಳೆಯ ಸ್ಥಿತಿಗೆ ಮರಳುವ ತಂತ್ರಾಂಶ ಹಾಕಿರುತ್ತಾರೆ. ಶನಿವಾರ ಇನ್‌ಸ್ಟಾಲ್ ಮಾಡಿದ್ದು ಸೋಮವಾರ ಇರುವುದಿಲ್ಲ.

ಕೋಡ್ ಬರೆದು ಓಡಿಸುವ ಎಡಿಟರ್ ವಿಷಯದಲ್ಲಿ ಥಾನಿಯನ್ನೇ (Thonny) ಆರಿಸಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಹುಟ್ಟಿದ್ದು ಇದು. ಪೈಥಾನ್ ಇದರೊಳಗೇ ಬರುತ್ತದೆ, ಅಡ್ಮಿನ್ ಪಾಸ್‌ವರ್ಡ್ ಇಲ್ಲದೆಯೂ ಇನ್‌ಸ್ಟಾಲ್ ಆಗುತ್ತದೆ, ಹಳೆಯ ವಿಂಡೋಸ್‌ಗಾಗಿ 3.8 ಇರುವ ಆವೃತ್ತಿಯೂ ಸಿಗುತ್ತದೆ. ಪೈಥಾನನ್ನು ಬೇರೆಯಾಗಿಯೇ ಹಾಕುವುದಾದರೆ ಇನ್‌ಸ್ಟಾಲರ್‌ನ ಮೊದಲ ಪರದೆಯ ತಳದಲ್ಲಿರುವ ಪಾತ್ (PATH) ಚೌಕಕ್ಕೆ ಟಿಕ್ ಹಾಕಲೇಬೇಕು, ಪೈಥಾನ್ ಎಲ್ಲಿದೆ ಎಂದು ವಿಂಡೋಸ್‌ಗೆ ತಿಳಿಸುವುದು ಅದೇ. ಅದು ತಾನಾಗಿ ಟಿಕ್ ಆಗಿರುವುದಿಲ್ಲ. ಬಿಟ್ಟರೆ ಕಮಾಂಡ್ ಪರದೆಯಲ್ಲಿ ಪೈಥಾನ್ ಎಂದು ಹೊಡೆದಾಗ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಏನೋ ತಪ್ಪು ಒತ್ತಿದೆವು ಎಂದು ಕಲಿಯುವವರು ಗಾಬರಿಯಾಗುತ್ತಾರೆ.

ಹೊರಗಿನ ಪ್ಯಾಕೇಜ್ ಯಾವುದೂ ಬೇಡ. ರ್‍ಯಾಂಡಮ್, ಟರ್ಟಲ್, ಸಿಎಸ್‌ವಿ ಈ ಮೂರು (ಯಾವುದೋ ಒಂದು ಸಂಖ್ಯೆ ಆರಿಸಲು, ಚಿತ್ರ ಬರೆಯಲು, ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ ಓದಲು) ಪೈಥಾನ್ ಜೊತೆಗೇ ಬರುತ್ತವೆ, ಒಂದು ದಿನಕ್ಕೆ ಧಾರಾಳ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ಮೊದಲ ದಿನಕ್ಕೆ ಭಾರ.

ಕೊಟ್ಟ ಫೈಲು ಕೊಟ್ಟ ಹಾಗೇ ಓಡಬೇಕು

ಇಡೀ ಸಿದ್ಧತೆಯ ಜೀವಾಳ ಇದು. ಕಲಿಯುವವರು ಫೈಲ್ ತೆರೆದು, ಏನೂ ಮುಟ್ಟದೆ ಎಫ್5 ಒತ್ತಿದಾಗ ಏನಾದರೊಂದು ಪರದೆಯ ಮೇಲೆ ಬರಬೇಕು. ಆಮೇಲೆ ಬರುವ ಎರರ್ ಅವರು ಈಗಷ್ಟೇ ಬರೆದ ಸಾಲಿನದು ಎಂದು ಅವರಿಗೇ ಗೊತ್ತಾಗುತ್ತದೆ.

ಪ್ರಶ್ನೆಪತ್ರಿಕೆಯ ಬಿಟ್ಟ ಸ್ಥಳದಂತೆ ಅಂಡರ್‌ಸ್ಕೋರ್ ಗೆರೆ ಎಳೆದು ಕೊಡಬೇಡಿ. ಪೈಥಾನ್ ಆ ಗೆರೆಯನ್ನು ಒಂದು ಹೆಸರೆಂದೇ ಓದಿ ನೇಮ್‌ಎರರ್ ಕೊಡುತ್ತದೆ. ಇಫ್ ಕೆಳಗೆ ಬರೀ ಕಾಮೆಂಟ್ ಇಟ್ಟರೂ ಇಂಡೆಂಟೇಶನ್ ಎರರ್, ಏಕೆಂದರೆ ಕಾಮೆಂಟ್ ಅದರ ಲೆಕ್ಕಕ್ಕೆ ಸಾಲೇ ಅಲ್ಲ. ಖಾಲಿ ಬಿಡಬೇಕಾದಲ್ಲಿ, ‘ಏನೂ ಮಾಡಬೇಡ’ ಎಂದು ಹೇಳುವ ಪಾಸ್ ಎಂಬ ಪದ ಇಡಿ. ಲೆಕ್ಕ ಮಾಡುವ ಫಂಕ್ಷನ್ ಆದರೆ ಸೊನ್ನೆ ಹಿಂತಿರುಗಿಸುವಂತೆ ಬರೆಯಿರಿ. ಅದರ ಮೇಲೆ ಕನ್ನಡದಲ್ಲೇ ಒಂದು ಸಾಲಿನ ಕಾಮೆಂಟ್: ‘ಇಲ್ಲಿ ಬಿಲ್ಲಿನ ಮೊತ್ತ ಲೆಕ್ಕ ಹಾಕಿ’. ಒಂದು ಫೈಲಿನಲ್ಲಿ ತುಂಬಬೇಕಾದ ಜಾಗ ಒಂದೇ ಇರಲಿ, ಇಡೀ ಫೈಲು 25 ಸಾಲು ದಾಟದಿರಲಿ.

ಪ್ರತಿ ಪ್ರಾಜೆಕ್ಟನ್ನೂ ಮೂರು ಹಂತದ ಫೈಲುಗಳಾಗಿ ಒಡೆಯಿರಿ. ಎರಡನೆಯ ಹಂತದ ಆರಂಭದ ಫೈಲಿನಲ್ಲಿ ಮೊದಲನೆಯದರ ಉತ್ತರ ಬರೆದೇ ಇರಬೇಕು. ಹಿಂದೆ ಬಿದ್ದವರು, ತಡವಾಗಿ ಬಂದವರು ಅಲ್ಲಿಂದ ಸೇರಿಕೊಳ್ಳುತ್ತಾರೆ. ಇದನ್ನು ಕೊನೆಯಿಂದ ಮೊದಲಿಗೆ ಸಿದ್ಧಮಾಡುವುದು ಸುಲಭ: ಪೂರ್ಣ ಉತ್ತರ ಬರೆದು, ಓಡಿಸಿ, ಒಂದೊಂದೇ ತುಂಡು ಅಳಿಸುತ್ತ ಹೊಸ ಹೆಸರಿನಲ್ಲಿ ಉಳಿಸಿ. ಅಳಿಸಿದ ಪ್ರತಿ ಸಲವೂ ಓಡಿಸಿ.

ಹೆಸರುಗಳು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗವಿಲ್ಲದೆ ಇರಲಿ. ಫೈಲಿಗೆ ಟರ್ಟಲ್ ಅಥವಾ ರ್‍ಯಾಂಡಮ್ ಎಂದು ಮಾತ್ರ ಹೆಸರಿಡಬೇಡಿ. ಇಂಪೋರ್ಟ್ ಎಂದಾಗ ಪೈಥಾನ್ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕುತ್ತದೆ, ನಿಮ್ಮ ಫೈಲನ್ನೇ ಎತ್ತಿಕೊಂಡು ‘ಇದರಲ್ಲಿ ಅಂಥದ್ದೇನೂ ಇಲ್ಲ’ ಎನ್ನುತ್ತದೆ. ಕಲಿಯುವವರು ತಾವಾಗಿ ಸೇವ್ ಮಾಡುವಾಗ ಆಗುವ ಮೊದಲ ತಪ್ಪೇ ಇದು.

ಮೂರು ಪ್ರಾಜೆಕ್ಟ್, ಜೊತೆಗೊಂದು

ಊಹೆಯ ಆಟದಿಂದ ಶುರುಮಾಡಿ. ಮೊದಲ ಹಂತದಲ್ಲಿ ಗುಟ್ಟಿನ ಸಂಖ್ಯೆ 37 ಎಂದು ಫೈಲಿನಲ್ಲೇ ಬರೆದಿಡಿ, ಆಗ ಪ್ರೋಗ್ರಾಂ ಸರಿಯೋ ತಪ್ಪೋ ತಿಳಿಯುತ್ತದೆ. ಎರಡರಲ್ಲಿ ‘ಹೆಚ್ಚಾಯಿತು’, ‘ಕಡಿಮೆಯಾಯಿತು’. ಮೂರರಲ್ಲಿ ಲೂಪು ಮತ್ತು ರ್‍ಯಾಂಡಮ್. ಇನ್‌ಪುಟ್‌ನಿಂದ ಬರುವುದು ಅಕ್ಷರದ ಸಾಲು, ಸಂಖ್ಯೆಯಲ್ಲ. ಅದನ್ನು ಹಾಗೇ 37ರ ಜೊತೆ ಸಮವೇ ಎಂದು ಹೋಲಿಸಿದರೆ ಎರರ್ ಕೂಡ ಬರುವುದಿಲ್ಲ, ಸುಮ್ಮನೆ ತಪ್ಪು ಎನ್ನುತ್ತಿರುತ್ತದೆ. ಸದ್ದಿಲ್ಲದ ಇಂಥ ತಪ್ಪು ಮೊದಲ ಅರ್ಧ ಗಂಟೆಗೆ ಬೇಡ. ಅದನ್ನು ಇಂಟ್ (ಪೂರ್ಣಾಂಕ) ಆಗಿ ಬದಲಿಸುವ ಸಾಲನ್ನು ನೀವೇ ಬರೆದುಕೊಡಿ. ಬೇಗ ಮುಗಿಸಿದವರಿಗೆ ಒಂದು ಸವಾಲು: 1ರಿಂದ 100ರೊಳಗಿನ ಯಾವ ಸಂಖ್ಯೆಯನ್ನಾದರೂ 7 ಊಹೆಯಲ್ಲಿ ಹಿಡಿಯಬಹುದು, ಹೇಗೆ?

ಊಟಕ್ಕೆ ಮುಂಚೆ ಟರ್ಟಲ್ ರಂಗೋಲಿ. ಒಂದು ಚೌಕ ಬರೆಯುವುದು, ಅದನ್ನು ಫಂಕ್ಷನ್ ಮಾಡುವುದು, ಪ್ರತಿ ಸಲ 10 ಡಿಗ್ರಿ ತಿರುಗಿಸಿ 36 ಸಲ ಬರೆಯುವುದು. 36ನ್ನು 10ರಿಂದ ಗುಣಿಸಿದರೆ 360, ಸುತ್ತು ಕೂಡಿಕೊಳ್ಳುತ್ತದೆ. 11 ಡಿಗ್ರಿ ಕೊಟ್ಟು ನೋಡಲಿ, ಗೆರೆಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ವೇಗಕ್ಕೆ ಸೊನ್ನೆ ಕೊಟ್ಟಿಡಿ, ಅದೇ ಅತಿ ವೇಗ. ಕೊನೆಯಲ್ಲಿ ಕಿಟಕಿಯನ್ನು ತೆರೆದಿಡುವ ಡನ್ ಸಾಲು ಇಲ್ಲದಿದ್ದರೆ ಕಮಾಂಡ್ ಪರದೆಯಿಂದ ಓಡಿಸಿದಾಗ ಕಿಟಕಿ ಮಿಂಚಿ ಮಾಯ. ಲ್ಯಾಬಿನಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೆ ಕಿಟಕಿ ತೆರೆಯಲು ಬೇಕಾದ ಟಿಕೆ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು, ಇಲ್ಲವೆಂದರೆ ಟರ್ಟಲ್ ಏಳುವುದೇ ಇಲ್ಲ.

ಮಧ್ಯಾಹ್ನ ಕರೆಂಟ್ ಬಿಲ್. ನಿಜವಾದ ದರ ವಿದ್ಯುತ್ ನಿಯಂತ್ರಣ ಆಯೋಗ ಪರಿಷ್ಕರಿಸಿದಂತೆ ಬದಲಾಗುತ್ತದೆ, ಆದ್ದರಿಂದ ಕಲ್ಪಿತ ದರವೇ ಸಾಕು: ಮೊದಲ 50 ಯೂನಿಟ್‌ಗೆ ತಲಾ 4 ರೂಪಾಯಿ, ಅದರಾಚೆ 7. ಫೈಲಿನ ತಳದಲ್ಲಿ ನಾಲ್ಕು ಪರೀಕ್ಷೆ ಮೊದಲೇ ಇರಲಿ: 0 ಯೂನಿಟ್‌ಗೆ 0, 50ಕ್ಕೆ 200, 51ಕ್ಕೆ 207, 120ಕ್ಕೆ 690. 50 ದಾಟಿದೊಡನೆ ಎಲ್ಲ ಯೂನಿಟ್ಟನ್ನೂ 7ರಿಂದ ಗುಣಿಸುವವರು ಹಲವರಿರುತ್ತಾರೆ. ಅವರ ಬಿಲ್ಲು 50ರಲ್ಲಿ 200 ಇದ್ದದ್ದು 51ಕ್ಕೆ 357ಕ್ಕೆ ಜಿಗಿಯುತ್ತದೆ. ಒಂದು ಯೂನಿಟ್ಟಿಗೆ 157 ರೂಪಾಯಿ ಯಾರು ಕೊಡುತ್ತಾರೆ ಎಂದು ಕೇಳಿ, ತಪ್ಪನ್ನು ಅವರೇ ಹುಡುಕುತ್ತಾರೆ. ಇಂಟ್ ಪಾಠ ಇಲ್ಲಿ ಬರಲಿ: ಎರಡು ತಿಂಗಳ 10 ಮತ್ತು 20 ಯೂನಿಟ್ ಕೂಡಿಸಿದರೆ 1020 ಬರುವುದನ್ನು ನೋಡಿದವರು ಮತ್ತೆ ಮರೆಯುವುದಿಲ್ಲ.

ಸಮಯ ಉಳಿದರೆ ಮಾತ್ರ ಸಿಎಸ್‌ವಿ ಫೈಲಿನಿಂದ ಅಂಕಪಟ್ಟಿ ಓದುವುದು.

ಕನ್ನಡ ಹೆಸರುಗಳಿದ್ದರೆ

ಅಂಕಪಟ್ಟಿಯಲ್ಲಿ ಕನ್ನಡ ಹೆಸರುಗಳನ್ನೇ ಹಾಕಿ. ಮಕ್ಕಳಿಗೆ ಅದರ ಖುಷಿಯೇ ಬೇರೆ. ಆದರೆ ಮೂರು ಗುಂಡಿಗಳಿವೆ. ಕಚೇರಿಯಿಂದ ಬಂದ ಪಟ್ಟಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದರೆ ಅದು ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿ) ಅಲ್ಲ, ಪೈಥಾನಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಮೊದಲು ಪರಿವರ್ತಿಸಿ. ಎರಡನೆಯದು, ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯದಿದ್ದರೆ ನಮ್ಮ ವಿಂಡೋಸ್‌ಗಳಲ್ಲಿ ಸಾಮಾನ್ಯವಾಗಿ ಕೋಡ್‌ಪೇಜ್ 1252 (ಯುರೋಪಿನ ಭಾಷೆಗಳ ಹಳೆಯ ಅಕ್ಷರಪಟ್ಟಿ) ಹಿಡಿದು ಓದುತ್ತದೆ. ಆಗ ‘ಕಮಲ’ ಎಂಬ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ಬಂದರೆ ‘ಪುಷ್ಪ’ ಬಂದಲ್ಲಿ ಪ್ರೋಗ್ರಾಮೇ ನಿಲ್ಲುತ್ತದೆ: ಕೊಂಬಿಗೂ ಒತ್ತಕ್ಷರದೊಳಗಿನ ಹಲಂತ ಚಿಹ್ನೆಗೂ ಇರುವ ಬೈಟುಗಳಿಗೆ ಆ ಕೋಡ್‌ಪೇಜಿನಲ್ಲಿ ಜಾಗವಿಲ್ಲ. ಪಟ್ಟಿಯನ್ನು ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸಿದ್ದರೆ ಯುಟಿಎಫ್-8-ಸಿಗ್ ಎಂದು ಬರೆಯಿರಿ, ಇಲ್ಲದಿದ್ದರೆ ಮೊದಲ ಕಾಲಮ್ಮಿನ ಹೆಸರಿಗೆ ಕಾಣದ ಗುರುತೊಂದು ಅಂಟಿರುತ್ತದೆ.

ಮೂರನೆಯದು ಅಕ್ಷರ ಎಣಿಸುವ, ಪದ ತಿರುಗಿಸುವ ಅಭ್ಯಾಸಗಳು. ‘ಕನ್ನಡ’ದ ಉದ್ದ 3 ಅಲ್ಲ, 5. ‘ಮೈಸೂರು’ ತಿರುಗಿಸಿದರೆ ಸ್ವರಚಿಹ್ನೆಗಳು ಪಕ್ಕದ ವ್ಯಂಜನಕ್ಕೆ ಅಂಟಿಕೊಂಡು ‘ರೂಸೈಮ’ ಎಂದಾಗಿ, ಮುಂದೊಂದು ಅನಾಥ ಕೊಂಬು ಉಳಿಯುತ್ತದೆ. ಈ ಅಭ್ಯಾಸಗಳನ್ನು ಇಂಗ್ಲಿಷ್ ಪದಗಳಲ್ಲೇ ಮಾಡಿಸಿ. ಒಂದು ಬೋನಸ್: ‘೪೨’ ಎಂದು ಕನ್ನಡ ಅಂಕಿ ಕೊಟ್ಟರೂ ಇಂಟ್ ಸರಿಯಾಗಿ 42 ಮಾಡುತ್ತದೆ.

ಹಂಚುವುದು

ಥಾನಿ ಮತ್ತು ಅಭ್ಯಾಸದ ಜಿಪ್ ಇರುವ ಪೆನ್‌ಡ್ರೈವ್ ಐದಾದರೂ ಇರಲಿ. ಜಿಪ್ಪಿನೊಳಗಿನ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಅದೊಂದನ್ನೇ ತಾತ್ಕಾಲಿಕ ಜಾಗಕ್ಕೆ ತೆಗೆಯುತ್ತದೆ. ಸಿಎಸ್‌ವಿ ಸಿಗುವುದಿಲ್ಲ, ಬರೆದದ್ದೂ ಎಲ್ಲೋ ಹೋಗುತ್ತದೆ. ಮೊದಲು ಎಕ್ಸ್‌ಟ್ರ್ಯಾಕ್ಟ್ ಆಲ್ ಎಂದು ಬೋರ್ಡಿನ ಮೇಲೇ ಬರೆಯಿರಿ. ಕೈಪಿಡಿಯನ್ನು ವರ್ಡ್‌ನಲ್ಲಿ ಕೊಟ್ಟರೆ ಅದರ ಬಾಗಿದ ಉದ್ಧರಣ ಚಿಹ್ನೆಗಳನ್ನು ಕಾಪಿ ಮಾಡಿದವರಿಗೆ ಸಿಂಟ್ಯಾಕ್ಸ್ ಎರರ್ ಗ್ಯಾರಂಟಿ. ಕೋಡ್ ಯಾವತ್ತೂ ಪೈಥಾನ್ ಫೈಲಾಗಿಯೇ ಹೋಗಲಿ. ಉತ್ತರಗಳ ಫೋಲ್ಡರ್ ಬೇರೆ ಜಿಪ್ಪಿನಲ್ಲಿ, ನಾಲ್ಕು ಗಂಟೆಯ ನಂತರ. ರೀಸ್ಟಾರ್ಟಿಗೆ ಎಲ್ಲ ಅಳಿಸುವ ಲ್ಯಾಬಾದರೆ ಕೊನೆಯ ಹದಿನೈದು ನಿಮಿಷ ಪಾಠ ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಫೋಲ್ಡರನ್ನು ತಮಗೇ ಮೇಲ್ ಮಾಡಿಕೊಂಡೋ ಪೆನ್‌ಡ್ರೈವಿಗೆ ಹಾಕಿಕೊಂಡೋ ಆದಮೇಲೆ ಕಂಪ್ಯೂಟರ್ ಆಫ್ ಮಾಡಿಸಿ.