ಬಾಗಿಲು ಕೂತರೆ ಉಳಿದದ್ದೆಲ್ಲ ಕೂತಂತೆ: ಹಳೇ ಪಿಕಪ್‌ಗೆ ಬಾಡಿ ಹೊಂದಿಸುವುದು ಹೇಗೆ?

ಹಳೇ ಪಿಕಪ್ ಟ್ರಕ್ ಕಟ್ಟುವವರು ದುಡ್ಡು ಸುರಿಯುವುದು ಎಂಜಿನ್ನಿಗೆ, ಚಕ್ರಕ್ಕೆ, ಬಣ್ಣಕ್ಕೆ. ನೋಡುವವರ ಕಣ್ಣು ಹೋಗುವುದು ಮಾತ್ರ ಬಾಗಿಲಿನ ಸಂದಿಗೆ. ಮೇಲೆ ಬೆರಳು ತೂರುವಷ್ಟು ಗ್ಯಾಪ್, ಕೆಳಗೆ ತಗಡಿಗೆ ತಗಡು ಉಜ್ಜುತ್ತಿದ್ದರೆ ಎಷ್ಟು ಪಾಲಿಶ್ ಹೊಡೆದರೂ ಗಾಡಿ ಸೊಟ್ಟಗೇ ಕಾಣುತ್ತದೆ.

ಇಂಥ ಹಳೇ ಗಾಡಿ ಹುಡುಕುವುದಕ್ಕೂ ಕಟ್ಟುವುದಕ್ಕೂ ಬೆಳಗಾವಿ ಒಳ್ಳೇ ಜಾಗ. ಈ ಊರು 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಜನರಲ್ ಮೋಟರ್ಸ್ ಕಂಪನಿ ಮುಂಬೈನ ಶಿವಡಿಯಲ್ಲಿ 1928ರಿಂದ 1954ರವರೆಗೆ ಗಾಡಿ ಜೋಡಿಸುತ್ತಿತ್ತು. ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಡಾಜ್, ಫಾರ್ಗೊ ಗಾಡಿ ತಯಾರಿಸುತ್ತಿದ್ದರು. 1947ರಿಂದ ಮಹೀಂದ್ರಾ ವಿಲ್ಲಿಸ್ ಜೀಪ್ ಜೋಡಿಸತೊಡಗಿತು. ಹಾಗಾಗಿ ಆ ಕಾಲದ ಗಾಡಿಯೊಂದು ಈ ಕಡೆಯ ಹೊಲದ ಶೆಡ್ಡಿನಲ್ಲೋ ಗುಜರಿಯಲ್ಲೋ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಖಾನಾಪುರ ರಸ್ತೆಯ ಉದ್ಯಮಬಾಗ್‌ನಲ್ಲಿ ಲೇತ್, ಫೌಂಡ್ರಿ, ತಗಡಿನ ಕೆಲಸ ಎಲ್ಲ ಕೈಗೆಟುಕುವ ದೂರದಲ್ಲಿವೆ. ಸಿಗದ ಬುಶ್, ಸಿಗದ ಪಿನ್ ಮಾಡಿಸಿಕೊಳ್ಳುವುದಕ್ಕೆ ಈ ಊರಿಗಿಂತ ಒಳ್ಳೇ ಜಾಗ ಹುಡುಕುವುದು ಕಷ್ಟ.

ಪಾನಾ ಹಿಡಿಯುವ ಮುಂಚೆ ಕಾಗದ ನೋಡಿಕೊಳ್ಳಿ. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ. ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು), ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಮಾಡಿದ್ದರೆ ಅದು ಸಿಗುವುದಿಲ್ಲ. ಹಳೇ ಕ್ಯಾಬಿನ್ ಕೆಳಗೆ ಈಗಿನ ಚಾಸಿ ತೂರಿಸುವವರು ಗಾಡಿ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಓದಿಕೊಳ್ಳಬೇಕು. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಬಿಡುವುದು ಒಳ್ಳೆಯದು.

ಮೊದಲು ನೆಲ, ಆಮೇಲೆ ಚಾಸಿ

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಅದರದೇ ನಾಲ್ಕು ಚಕ್ರಗಳ ಮೇಲೆ ನಿಲ್ಲಿಸಿ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಒಳಗೇ ಇರಲಿ. ಖಾಲಿ ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು ಬಾಡಿ ಹೊಂದಿಸಿದರೆ, ಭಾರ ಬಿದ್ದ ಮೇಲೆ ಚಾಸಿ ಸ್ವಲ್ಪ ಬಾಗುತ್ತದೆ. ಆಗ ಗ್ಯಾಪ್‌ಗಳೂ ಬದಲಾಗುತ್ತವೆ, ಮಾಡಿದ ಕೆಲಸ ನೀರುಪಾಲು.

ಚಾಸಿಯ ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಟೇಪ್ ಹಿಡಿಯಿರಿ. ಆಮೇಲೆ ಅಡ್ಡ ಬದಲಿಸಿ ಇನ್ನೊಂದು ಅಳತೆ. ಎರಡರ ನಡುವೆ 3-4 ಮಿ.ಮೀ. ವ್ಯತ್ಯಾಸವಿದ್ದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಚಾಸಿಯನ್ನೇ ನೇರ ಮಾಡಿಸಬೇಕು. ಮಟ್ಟ ನೋಡಲು ಮನೆ ಕಟ್ಟುವ ಗೌಂಡಿಗಳು ಬಳಸುವ ನೀರಿನ ಪೈಪು ಸಾಕು. ಲೇಸರ್ ಇಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಬಿನ್ ಕೂರುವುದು ಚಾಸಿ ಮೇಲಿನ ರಬ್ಬರ್ ಬುಶ್‌ಗಳ (ಮೆತ್ತೆಗಳ) ಮೇಲೆ. ಎಪ್ಪತ್ತು ವರ್ಷದ ರಬ್ಬರ್ ಕಲ್ಲಾಗಿರುತ್ತದೆ, ಇಲ್ಲವೇ ಚಪ್ಪಟೆಯಾಗಿರುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಆ ಮೂಲೆ ಎದ್ದು ನಿಲ್ಲುತ್ತದೆ. ಹೊಸ ರಬ್ಬರ್ ಹಾಕಿದ ಮೇಲೂ ಒಂದು ಮೂಲೆ 3 ಮಿ.ಮೀ. ತಗ್ಗಿನಲ್ಲಿದ್ದರೆ ಕ್ಯಾಬಿನ್ ತಿರುಚಿಕೊಳ್ಳುತ್ತದೆ, ಬಾಗಿಲಿನ ಚೌಕಟ್ಟು ಚೌಕ ತಪ್ಪುತ್ತದೆ. ಅಲ್ಲಿ ತೆಳು ಪ್ಯಾಕಿಂಗ್ ಕೊಡಬೇಕು. ಯು ಆಕಾರದಲ್ಲಿ ಕತ್ತರಿಸಿದ ಕಬ್ಬಿಣದ ಪ್ಯಾಕಿಂಗ್ ಆದರೆ ಬೋಲ್ಟ್ ಪೂರ್ತಿ ಬಿಚ್ಚದೆ ಪಕ್ಕದಿಂದ ತೂರಿಸಬಹುದು. ಒಂದು, ಒಂದೂವರೆ, ಎರಡು ಮಿ.ಮೀ. ದಪ್ಪದಲ್ಲಿ ಒಂದಿಷ್ಟು ಕತ್ತರಿಸಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಹಾಕಿ, ಬೋಲ್ಟ್ ಬಿಗಿ ಮಾಡಿ, ಬಾಗಿಲಿನ ಗ್ಯಾಪ್ ನೋಡಿ, ಆಮೇಲೆ ಮುಂದಿನದು.

ಬಾಗಿಲ ಕೆಳಗಿನ ತಗಡು ತುಕ್ಕು ತಿಂದಿದ್ದು ಅದನ್ನು ಕತ್ತರಿಸಿ ಹೊಸದು ಹಾಕುವವರು ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಪೈಪ್ ವೆಲ್ಡ್ ಮಾಡಿ ಬಿಗಿಯಬೇಕು. ಇಲ್ಲದಿದ್ದರೆ ಕಟರ್ ಹಾಕಿದ ಕ್ಷಣ ಕ್ಯಾಬಿನ್ ಕುಸಿಯುತ್ತದೆ. ಆಮೇಲೆ ಯಾವ ಬಾಗಿಲೂ ಅದಕ್ಕೆ ಕೂರುವುದಿಲ್ಲ.

ಬಾಗಿಲು

ಅರ್ಧ ಕೆಲಸ ಇರುವುದೇ ಇಲ್ಲಿ. ಕ್ಯಾಬಿನ್ ಅಲುಗದ ಭಾಗ, ಬಾಗಿಲು ಅದಕ್ಕೆ ಹೊಂದಬೇಕು. ಬಾಗಿಲಿಗೆ ಮಡ್‌ಗಾರ್ಡ್, ಮಡ್‌ಗಾರ್ಡ್‌ಗೆ ಬಾನೆಟ್. ಮುಂದಿನಿಂದ ಶುರು ಮಾಡಿ ಹಿಂದಕ್ಕೆ ಬಂದವರಿಗೆ ತಪ್ಪೆಲ್ಲ ಬಾಗಿಲಲ್ಲಿ ಬಂದು ಗುಡ್ಡೆಯಾಗುತ್ತದೆ.

ಉದ್ಯಮಬಾಗ್ ಕಡೆಯ ಒಂದು ಗ್ಯಾರೇಜಿನಲ್ಲಿ ನೋಡಿದ್ದು. ಹುಡುಗನೊಬ್ಬ ಹಳೇ ಶೆವ್ರೊಲೆ ಪಿಕಪ್ ತಂದು ನಿಲ್ಲಿಸಿದ್ದ. "ಮಾಮಾ, ಬಾನೆಟ್ ಒಂದ್ ಸರಿ ಮಾಡಿ ಕೊಡ್ರಿ, ಎಡಕ್ಕ ಎದ್ದೈತಿ" ಅಂದ. ಟಿಂಕರ್ ಮಿಸ್ತ್ರಿ ಬಾನೆಟ್ ಮುಟ್ಟಲೇ ಇಲ್ಲ. 5 ಮಿ.ಮೀ. ಡ್ರಿಲ್ ಬಿಟ್ ಒಂದನ್ನು ತಿರುವಿ ಹಿಡಿದು, ಅದರ ನುಣುಪು ತುದಿಯನ್ನು ಎಡಬಾಗಿಲ ಹಿಂದಿನ ಸಂದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದರು. ಕೆಳಗೆ ಸಡಿಲವಾಗಿ ಓಡಿದ ಬಿಟ್ ಹಿಡಿಕೆಯ ಹತ್ತಿರ ಬಿಗಿಯಾಯಿತು, ಅದರ ಮೇಲೆ ಹೋಗಲೇ ಇಲ್ಲ. "ಬಾನೆಟ್ ಸರಿನೇ ಐತಿ ತಮ್ಮಾ. ಬಾಗಲಾ ಜೋತೈತಿ, ಅದಕ್ಕ ನೀ ಮಡ್‌ಗಾರ್ಡ್ ಎಳದು ಹೊಂದಿಸೀದಿ, ಅದರ ಹಿಂದ ಬಾನೆಟ್ ಹೋಗೈತಿ." ಹುಡುಗ ಮರುಮಾತಾಡಲಿಲ್ಲ.

ಬಾಗಿಲು ಜೋತಿದೆಯಾ ಅಂತ ತಿಳಿಯಲು ಅದನ್ನು ಅರ್ಧ ತೆರೆದು, ತುದಿಯನ್ನು ಹಿಡಿದು ಮೇಲೆ-ಕೆಳಗೆ ಎತ್ತಿ ನೋಡಿ. ಲಟಪಟ ಅಂದರೆ ಹಿಂಜ್‌ನ (ಬಾಗಿಲು ತಿರುಗುವ ಕೀಲಿನ) ಪಿನ್, ಆ ಪಿನ್ ಕೂರುವ ಬುಶ್ ಸವೆದಿವೆ. ಇವನ್ನು ಬದಲಿಸದೆ ಹೊಂದಿಸುವುದು ಸುಮ್ನೆ ದಂಡ. ಲೇತಿನಲ್ಲಿ ಹಿತ್ತಾಳೆ ಬುಶ್ ತಿರುವಿಸಿ ಹಾಕಿ.

ಈಗ ಲಾಕ್ ಸ್ಟ್ರೈಕರ್, ಅಂದರೆ ಬಾಗಿಲ ಲಾಕ್ ಬಂದು ಕಚ್ಚಿಕೊಳ್ಳುವ ಕ್ಯಾಬಿನ್ ಬದಿಯ ತುಂಡನ್ನು ಬಿಚ್ಚಿಡಿ. ಬಾಗಿಲ ಸುತ್ತ ನೀರು ತಡೆಯುವ ರಬ್ಬರ್ ಬೀಡಿಂಗೂ ಬೇಡ. ಸ್ಟ್ರೈಕರ್ ಇದ್ದರೆ ಅದು ಬಾಗಿಲನ್ನು ಎತ್ತಿ ಹಿಡಿದು ಸುಳ್ಳು ಹೇಳುತ್ತದೆ. ಹಿಂಜ್ ಬೋಲ್ಟ್‌ಗಳನ್ನು ಕೈಬಿಗಿಗಿಂತ ತುಸು ಜಾಸ್ತಿ ಬಿಗಿದು, ಬಾಗಿಲ ಕೆಳಗೆ ಜಾಕ್ ಇಟ್ಟು, ಮೇಲೆ ಮರದ ತುಂಡು, ಅದರ ಮೇಲೆ ಹಳೇ ಗೋಣಿಚೀಲ ಹಾಕಿ ನಿಧಾನ ಎತ್ತಿ. ಮೊದಲು ಹೊಂದಿಸಬೇಕಾದ್ದು ಹಿಂದಿನ ಅಂಚು ಮತ್ತು ಕೆಳಗಿನ ಅಂಚು, ಯಾಕೆಂದರೆ ಆ ಎರಡೂ ಕ್ಯಾಬಿನ್‌ಗೆ ಮುಖ ಮಾಡಿವೆ. ಮುಂದಿನ ಅಂಚಿನ ಗ್ಯಾಪನ್ನು ಆಮೇಲೆ ಮಡ್‌ಗಾರ್ಡ್ ಸರಿಸಿ ತುಂಬಬಹುದು.

ಹಿಂದಿನ ಅಂಚಿನಲ್ಲಿ ಮೇಲೆ ಬಿಗಿ, ಕೆಳಗೆ ಸಡಿಲ ಇದೆಯಾ? ಬಾಗಿಲ ತುದಿ ಕೆಳಕ್ಕೆ ಜೋತಿದೆ ಎಂದರ್ಥ. ಕೆಳಗಿನ ಹಿಂಜ್ ಮತ್ತು ಅದು ಕೂರುವ ಕ್ಯಾಬಿನ್ ಕಂಬದ ನಡುವೆ ಪ್ಯಾಕಿಂಗ್ ಕೊಟ್ಟರೆ ಬಾಗಿಲ ಕೆಳಭಾಗ ಹಿಂದಕ್ಕೆ ಹೋಗಿ ತುದಿ ಏಳುತ್ತದೆ. ಉಲ್ಟಾ ಇದ್ದರೆ ಮೇಲಿನ ಹಿಂಜ್‌ಗೆ. ಹಿಂಜ್ ಮೂರು ಅಡಿ ಅಗಲದ ಬಾಗಿಲನ್ನು ಒಂದು ಬದಿಯಲ್ಲಿ ಹಿಡಿದಿರುವುದರಿಂದ ಅಲ್ಲಿ ಒಂದು ಮಿ.ಮೀ. ಪ್ಯಾಕಿಂಗ್ ಕೊಟ್ಟರೆ ತುದಿಯಲ್ಲಿ ಅದಕ್ಕಿಂತ ಜಾಸ್ತಿ ಏರುತ್ತದೆ. ಹಾಗಾಗಿ ಅವಸರ ಬೇಡ.

ಎಷ್ಟು ಗ್ಯಾಪ್ ಇರಬೇಕು? 4ರಿಂದ 5 ಮಿ.ಮೀ. ಗುರಿ ಇಟ್ಟುಕೊಳ್ಳಿ. ಇವು ಹೊಲಕ್ಕೆ, ಮಾಲು ಸಾಗಿಸುವುದಕ್ಕೆ ಮಾಡಿದ ಗಾಡಿಗಳು. ಕಾರ್ಖಾನೆಯಿಂದ ಬರುವಾಗಲೇ ಅಳತೆ ಅಷ್ಟು ನಾಜೂಕಾಗಿರಲಿಲ್ಲ. ಇಂದಿನ ಷೋರೂಮ್ ಕಾರಿನ 3 ಮಿ.ಮೀ. ಗ್ಯಾಪ್ ಇದಕ್ಕೆ ಬೇಕೆಂದು ಹಟ ಹಿಡಿಯುವುದು ನನಗಂತೂ ಅರ್ಥವಾಗುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಕ್ಯಾಬಿನ್ ತಿರುಚಿದಾಗ ಅಂಚಿಗೆ ಅಂಚು ತಾಗಿ ಬಣ್ಣ ಹಾರುತ್ತದೆ ಅಷ್ಟೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ ಇದ್ದರೆ 6 ಮಿ.ಮೀ. ಕೂಡ ಚೆನ್ನಾಗಿಯೇ ಕಾಣುತ್ತದೆ.

ಗ್ಯಾಪ್ ಸರಿಯಾಯಿತು, ಆದರೆ ಬಾಗಿಲ ಮೇಲ್ತುದಿ ಹೊರಗೆ, ಕೆಳತುದಿ ಒಳಗೆ ಇದೆ ಅಂದುಕೊಳ್ಳಿ. ಬಾಗಿಲೇ ತಿರುಚಿದೆ. ಒಳಗಿರುವ ಕೆಳಮೂಲೆಯಲ್ಲಿ, ಬಾಗಿಲು ಮತ್ತು ಚೌಕಟ್ಟಿನ ನಡುವೆ ಮರದ ತುಂಡು ಸಿಕ್ಕಿಸಿ, ಮೇಲ್ಮೂಲೆಯನ್ನು ಅಂಗೈಯಿಂದ ಒಳಕ್ಕೆ ಒತ್ತಿ. ಸುತ್ತಿಗೆ ಬೇಡ. ಒತ್ತುವುದು, ತೆಗೆದು ನೋಡುವುದು, ಮತ್ತೆ ಒತ್ತುವುದು. ನೋಡುವವರಿಗೆ ಗಾಬರಿಯಾಗುತ್ತದೆ, ಆದರೆ ಹಳೇ ದಪ್ಪ ತಗಡು ಇದನ್ನು ತಡೆದುಕೊಳ್ಳುತ್ತದೆ. ಕೊನೆಗೆ ಬೀಡಿಂಗ್ ಹಾಕಿ ಇನ್ನೊಮ್ಮೆ ಪರೀಕ್ಷಿಸಿ. ಗಡುಸು ಬೀಡಿಂಗ್ ಬಾಗಿಲನ್ನು 2-3 ಮಿ.ಮೀ. ಹೊರಕ್ಕೆ ತಳ್ಳುತ್ತದೆ. ಮೆತ್ತನೆಯ ಸ್ಪಂಜಿನ ಜಾತಿಯದನ್ನೇ ಕೇಳಿ ತನ್ನಿ.

ಮೂತಿ ಕಡೆಗೆ

ಮಡ್‌ಗಾರ್ಡ್, ಒಳ ತಗಡು, ರೇಡಿಯೇಟರ್ ಚೌಕಟ್ಟು ಇವೆಲ್ಲವನ್ನೂ ಮೊದಲು ಕೈಬಿಗಿಯಲ್ಲೇ ಜೋಡಿಸಿ. ಒಂದು ಬೋಲ್ಟ್ ಪೂರ್ತಿ ಬಿಗಿದರೂ ಉಳಿದವು ತೂತಿಗೆ ಬರುವುದಿಲ್ಲ. ಬಾಗಿಲು-ಮಡ್‌ಗಾರ್ಡ್ ನಡುವಿನ ಸಂದಿ ಮೇಲೆ ಅಗಲವಾಗಿದ್ದರೆ ರೇಡಿಯೇಟರ್ ಚೌಕಟ್ಟಿನ ಕೆಳಗೆ ಪ್ಯಾಕಿಂಗ್ ಕೊಡಿ. ಮೂತಿ ಎದ್ದಾಗ ಮಡ್‌ಗಾರ್ಡ್‌ನ ಮೇಲಂಚು ಹಿಂದಕ್ಕೆ ವಾಲಿ ಸಂದಿ ಮುಚ್ಚುತ್ತದೆ. ಮಡ್‌ಗಾರ್ಡ್ ಬಿಗಿದ ಮೇಲೆ ಬಾಗಿಲನ್ನು ಪೂರ್ತಿ ತೆರೆದು ನೋಡಲೇಬೇಕು. ಮುಚ್ಚಿದಾಗ ಸರಿಯಿದ್ದ ಬಾಗಿಲು ತೆರೆಯುವಾಗ ಮಡ್‌ಗಾರ್ಡ್ ಅಂಚನ್ನು ಕಚ್ಚುವುದುಂಟು.

ಫೈಬರ್ ಮಡ್‌ಗಾರ್ಡ್ ಹಾಕುವುದಾದರೆ ಬೋಲ್ಟ್ ತಲೆ ಕೆಳಗೆ ಅಗಲ ವಾಷರ್ ಇರಲಿ. ಸಣ್ಣ ವಾಷರ್ ಫೈಬರ್ ಒಳಕ್ಕೆ ಇಳಿದುಬಿಡುತ್ತದೆ.

ಬಾನೆಟ್‌ಗೆ ಇಬ್ಬರು ಬೇಕು. ಹಿಂಜ್ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದುಕೊಂಡರೆ ಎಷ್ಟು ಸರಿಸಿದಿರಿ ಅನ್ನುವುದು ಗೊತ್ತಾಗುತ್ತದೆ. ಹಿಂದಿನ ಅಂಚು ಮೊದಲು, ಪಕ್ಕದ ಸಂದಿಗಳು ಆಮೇಲೆ, ಮುಂದಿನ ಎತ್ತರ ರಬ್ಬರ್ ಸ್ಟಾಪರ್‌ನಿಂದ. ಲಾಕ್ ಕಟ್ಟಕಡೆಗೆ. ಲಾಕ್ ಇದ್ದಾಗಲೇ ಬಾನೆಟ್ ಮುಚ್ಚಿ, ಅದು ಸಿಕ್ಕಿಕೊಂಡರೆ ತೆರೆಯಲು ಗ್ರಿಲ್ ಬಿಚ್ಚುವ ಪಾಡು ಬರುತ್ತದೆ. ಲಾಕ್ ಪಿನ್ ತುದಿಗೆ ಗ್ರೀಸ್ ಹಚ್ಚಿ ನಿಧಾನ ಇಳಿಸಿದರೆ ಅದು ಎಲ್ಲಿ ತಾಗುತ್ತದೆ ಅಂತ ಗುರುತು ಬೀಳುತ್ತದೆ.

ಹಿಂದಿನ ಲೋಡ್ ಬಾಡಿ

ಇದರಲ್ಲಿ ತಲೆನೋವು ಕಮ್ಮಿ. ಕ್ಯಾಬಿನ್‌ಗೂ ಬಾಡಿಗೂ ನಡುವೆ 20ರಿಂದ 25 ಮಿ.ಮೀ. ಬಿಡಿ. ಓಡುವಾಗ ಎರಡೂ ಬೇರೆ ಬೇರೆ ಅಲುಗುತ್ತವೆ. ಕ್ಯಾಬಿನ್‌ನ ಮೈಗೆರೆಗೆ ದಾರ ಕಟ್ಟಿ ಹಿಂದಕ್ಕೆ ಎಳೆದು ಬಾಡಿಯ ಎತ್ತರ ಹೊಂದಿಸಿ. ಚಕ್ರ ಮಡ್‌ಗಾರ್ಡ್ ಕಮಾನಿನ ನಡುಮಧ್ಯೆ ಕೂತಿದೆಯಾ ನೋಡಿ. ಬೇರೆ ಚಾಸಿ ಹಾಕಿದವರಿಗೆ ಇಲ್ಲೇ ಎಡವಟ್ಟಾಗುವುದು. ಆಮೇಲೆ ಮುಂದಿನ ಒಂದು ಚಕ್ರ, ಅದರ ಎದುರು ಮೂಲೆಯ ಹಿಂದಿನ ಚಕ್ರ ಎರಡನ್ನೂ ದಿಮ್ಮಿ ಮೇಲೇರಿಸಿ, ಚಾಸಿ ತಿರುಚಿದಾಗ ಎಲ್ಲಾದರೂ ತಗಡು ತಾಗುತ್ತದಾ ಪರೀಕ್ಷಿಸಿ.

ಸರಿಸಿ ಮುಗಿದ ಮೇಲೂ ಉಳಿದ ಸೊಟ್ಟು

ಹಿಂಜ್, ಪ್ಯಾಕಿಂಗ್ ಎಲ್ಲ ಮುಗಿದ ಮೇಲೂ ಒಂದು ಕಡೆ 8 ಮಿ.ಮೀ. ಉಳಿದರೆ ಅಂಚಿಗೇ ಕೈ ಹಾಕಬೇಕು. ಸುಮಾರು ಒಂದೂವರೆ ಮಿ.ಮೀ. ದಪ್ಪದ ಕಬ್ಬಿಣದ ತಂತಿಯನ್ನು ಬಾಗಿಲ ಅಂಚಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿ. ಇಲ್ಲೊಂದು ಚುಕ್ಕೆ, ಅರ್ಧ ಅಡಿ ಬಿಟ್ಟು ಇನ್ನೊಂದು, ನಡುವೆ ಆರಲು ಬಿಡಿ. ಸಾಲಾಗಿ ಎಳೆದರೆ ಕಾವಿಗೆ ತಗಡು ಹಪ್ಪಳದಂತೆ ಉಬ್ಬುತ್ತದೆ. ಕೊನೆಗೆ ಗ್ರೈಂಡರ್ ಹಿಡಿದು ನಯಮಾಡಿ.

ಪುಟ್ಟಿ ಮೆತ್ತಿ ಅಂಚು ಬೆಳೆಸುವವರಿದ್ದಾರೆ. ಬೇಡ. ಬಾಗಿಲು ನಾಲ್ಕು ಸಲ ದಬಾರನೆ ಬಡಿದರೆ ಅದು ಸಿಡಿದು ಬೀಳುತ್ತದೆ. ಮಟ್ಟಸ ಜಾಗದಲ್ಲೂ 2-3 ಮಿ.ಮೀ.ಗಿಂತ ದಪ್ಪ ಪುಟ್ಟಿ ಒಳ್ಳೆಯದಲ್ಲ. ಬೇರೆಯವರು ಕಟ್ಟಿದ ಗಾಡಿ ಕೊಳ್ಳುವಾಗ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಓಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿಗಿಂತ ಪುಟ್ಟಿಯೇ ಜಾಸ್ತಿ.

ಬಿಚ್ಚುವ ಮುಂಚೆ

ಇಷ್ಟೆಲ್ಲ ಆದದ್ದು ಬಣ್ಣ ಹಾಕುವ ಮುಂಚೆ, ಬರೀ ತಗಡಿನ ಮೇಲೆ. ಬಣ್ಣಕ್ಕಾಗಿ ಮತ್ತೆ ಎಲ್ಲ ಬಿಚ್ಚಬೇಕು. ಹೊಂದಿಸಿದ ಜಾಗ ಕಳೆದುಹೋಗದಂತೆ, ಹಿಂಜ್ ಮತ್ತು ಕಂಬ ಎರಡನ್ನೂ ದಾಟುವ ಹಾಗೆ 3 ಮಿ.ಮೀ.ನ ಎರಡು ತೂತು ಕೊರೆದುಬಿಡಿ. ಮರಳಿ ಜೋಡಿಸುವಾಗ ಆ ತೂತಿಗೆ ಅದೇ ಡ್ರಿಲ್ ಬಿಟ್ ತೂರಿಸಿದರೆ ಹಿಂಜ್ ಮೊದಲಿದ್ದಲ್ಲೇ ಬಂದು ನಿಲ್ಲುತ್ತದೆ. ಪ್ರತಿ ಜಾಗದ ಪ್ಯಾಕಿಂಗನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಬಣ್ಣದ ಪದರಗಳಿಂದ ಗ್ಯಾಪ್ ಸುಮಾರು ಅರ್ಧ ಮಿ.ಮೀ. ಕಿರಿದಾಗುತ್ತದೆ, ಅಷ್ಟು ಜಾಗ ಮೊದಲೇ ಬಿಟ್ಟಿರಬೇಕು.

ಬೆಳಗಾವಿಯ ಮಳೆಗಾಲದಲ್ಲಿ ಈ ಕೆಲಸ ಹಿಡಿಯುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ತಗಡನ್ನು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಸಿ. ಸಾದಾ ಪ್ರೈಮರ್ ತೇವ ಹೀರುತ್ತದೆ, ಅದನ್ನು ನಂಬಿ ಕೂರಬೇಡಿ.

ಬಣ್ಣ ಮುಗಿದು ಜೋಡಿಸಿದ ಮೇಲೆ ಇನ್ನೂರು-ಮುನ್ನೂರು ಕಿ.ಮೀ. ಓಡಿಸಿ, ಅದರಲ್ಲಿ ಒಂದಿಷ್ಟು ಕೆಟ್ಟ ರಸ್ತೆಯೂ ಇರಲಿ. ಕ್ಯಾಬಿನ್ ರಬ್ಬರ್ ಕೂತ ಮೇಲೆ ಎಲ್ಲ ಬೋಲ್ಟ್‌ಗೂ ಮತ್ತೊಮ್ಮೆ ಪಾನಾ ಹಾಕಿ. ನಂತರ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಬಂದರೆ ಬೀಡಿಂಗ್ ಸರಿಯಾಗಿ ಒತ್ತುತ್ತಿದೆ. ಸಲೀಸಾಗಿ ಜಾರಿದರೆ ಅಲ್ಲಿಂದ ನೀರು ಬರುತ್ತದೆ, ಸ್ಟ್ರೈಕರನ್ನು ತುಸು ಒಳಕ್ಕೆ ಸರಿಸಿ. ಸುತ್ತ ಐದಾರು ಕಡೆ ಹೀಗೆ ನೋಡಬೇಕು, ಎರಡೂ ಬಾಗಿಲಿಗೆ. ಡ್ರೈವರ್ ಬದಿ ಒಂದನ್ನೇ ನೋಡಿ ಮುಗಿಸುವವರೇ ಜಾಸ್ತಿ, ಮಳೆ ಬಂದಾಗ ಪಕ್ಕದ ಸೀಟಿನವರು ನೆನೆಯುತ್ತಾರೆ.