ಕಾಫಿ ದುಡ್ಡು, ಆಟಿ ಮಳೆ, ಆರು ಸಂಚಿಕೆ: ನಮ್ಮ ವೆಬ್ ಸೀರೀಸ್ ನಡೆದ ಬಗೆ

"ಆಟಿ ತಿಂಗಳಲ್ಲಿ, ಕೊಡಗಲ್ಲಿ, ಶೂಟಿಂಗಾ?" ಈ ಪ್ರಶ್ನೆಯನ್ನು ನನಗೆ ಕಮ್ಮಿ ಅಂದರೂ ಇಪ್ಪತ್ತು ಜನ ಕೇಳಿರಬಹುದು. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳು. ಅದರಲ್ಲಿ ಅರ್ಧ ಜನ ಕ್ಯಾಮೆರಾ ಹಿಡಿದು ಊಟ ಮಾಡುವವರೇ. ಮದುವೆ ವಿಡಿಯೋ ಮಾಡುವ ನನ್ನ ಗೆಳೆಯನೊಬ್ಬ, "ಮಳೆ ನಿಂತ ಮೇಲೆ ಫೋನ್ ಮಾಡು, ಕ್ಯಾಮೆರಾದ ಹೆಣ ಎತ್ತೋಕೆ ಬರ್ತೀನಿ" ಅಂದಿದ್ದ. ನಮ್ಮ ವೆಬ್ ಸೀರೀಸಿನ ಆರು ಸಂಚಿಕೆಯೂ ಯೂಟ್ಯೂಬಿನಲ್ಲಿ ಹೊರಗೆ ಬಂದಿವೆ. ಕ್ಯಾಮೆರಾ ಬದುಕಿದೆ. ಸಾಲ ಇಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2022ರ ಜನವರಿಯಲ್ಲಿ ನಮ್ಮ ಮೊದಲ ಸೀರೀಸ್ ಶುರು ಮಾಡಿದೆವು. ಎಲ್ಲರೂ ಹೇಳುವ ಹಾಗೆ ಒಳ್ಳೆ ಬಿಸಿಲು, ಒಳ್ಳೆ ಬೆಳಕು, ಬೆಳಗ್ಗೆ ಮಂಜು. ಹೆಂಡತಿಯ ಬಳೆ ಅಡವಿಟ್ಟು ಒಂದು ಲಕ್ಷ ಎಪ್ಪತ್ತು ಸಾವಿರ ತಂದಿದ್ದೆ. ಜನವರಿ ಅಂದರೆ ಕೊಯ್ಲು ಅನ್ನೋದು ಕೊಡಗಲ್ಲೇ ಹುಟ್ಟಿದ ನನಗೆ ಯಾಕೆ ಹೊಳೆಯಲಿಲ್ಲವೋ! ಹೀರೋ ತೋಟದ ಮನೆಯವನು. ಕೊಯ್ಯುವವರು ಬಂದ ದಿನ ಅವನು ಬರುವುದಿಲ್ಲ. ಕೊಯ್ಯುವವರು ಬರದ ದಿನ ಅವನೇ ಕೊಯ್ಯಬೇಕು, ಆಗಲೂ ಬರುವುದಿಲ್ಲ. ಅಂಗಳದ ತುಂಬಾ ಕಾಫಿ ಹರಡಿದೆ, ಟ್ರೈಪಾಡ್ ಇಡಲು ಜಾಗ ಇಲ್ಲ. ಹೋಂಸ್ಟೇಗಳೆಲ್ಲ ಭರ್ತಿ. ಫೆಬ್ರವರಿ ಬಂದರೆ ಕಾಫಿ ಹೂವು ಅರಳಿಸಲು ಸ್ಪ್ರಿಂಕ್ಲರಿನಲ್ಲಿ ನೀರು. ಡೀಸೆಲ್ ಪಂಪು ಹಗಲು ರಾತ್ರಿ ಹೊಡೆದುಕೊಳ್ಳುತ್ತದೆ. ಪ್ರೇಮದ ದೃಶ್ಯದಲ್ಲಿ ಹಿಂದೆ ಡಗಡಗಡಗ.

ಎಂಟು ಸಂಚಿಕೆ ಅಂತ ಹೊರಟವರು ಮೂರಕ್ಕೆ ನಿಂತೆವು. ಮೂರೂ ಸೇರಿ ನಾಲ್ಕೂವರೆ ಸಾವಿರ ವ್ಯೂಸ್ ಇರಬೇಕು. ಅದರಲ್ಲಿ ಅರ್ಧ ನಾವೇ ನೋಡಿದ್ದು. ಬಳೆ ಬಿಡಿಸಲು ಎರಡು ಮದುವೆ ಸೀಸನ್ ಬೇಕಾಯಿತು.

ಆಮೇಲೆ ಒಂದು ವರ್ಷ ಸುಮ್ನೆ ಕೂತು ಕ್ಯಾಲೆಂಡರ್ ನೋಡಿದೆ. ಇಲ್ಲಿ ದುಡ್ಡು ಇರುವ ತಿಂಗಳು ಬೇರೆ, ಪುರಸೊತ್ತು ಇರುವ ತಿಂಗಳು ಬೇರೆ. ಕಾಫಿ ಮಾರಿ ಕೈಗೆ ದುಡ್ಡು ಬರುವುದು ಫೆಬ್ರವರಿಯಿಂದ ಏಪ್ರಿಲ್. ಪುರಸೊತ್ತು ಸಿಗುವುದು ಜುಲೈ, ಆಗಸ್ಟ್. ನಾವೆಲ್ಲ ಶೂಟಿಂಗ್ ಹತ್ತಿರ ಬಂದಾಗ ದುಡ್ಡು ಕೇಳಲು ಹೊರಡುತ್ತೇವೆ. ಜುಲೈಯಲ್ಲಿ ಬೆಳೆಗಾರನ ಹತ್ತಿರ ದುಡ್ಡು ಕೇಳಿದರೆ ಅವನು ಗೊಬ್ಬರದ ಬಿಲ್ಲು ತೋರಿಸುತ್ತಾನೆ. ಮಾರ್ಚಿಯಲ್ಲಿ ಕೇಳಿದರೆ ಕಾಫಿ ಕೊಟ್ಟು ಕೂರಿಸುತ್ತಾನೆ. ಹಾಗಾಗಿ ದುಡ್ಡು ಮಾರ್ಚಿಯಲ್ಲಿ, ಶೂಟಿಂಗ್ ಆಟಿಯಲ್ಲಿ ಅಂತ ತೀರ್ಮಾನಿಸಿದೆ.

ಅದೃಷ್ಟವೂ ಇತ್ತು, ಸುಳ್ಳು ಹೇಳಲ್ಲ. 2024ರಲ್ಲಿ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಐವತ್ತು ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿತು. ಎಲ್ಲರ ಮುಖದಲ್ಲೂ ಕಳೆ. ಆದರೆ ದರ ಏರಿತು ಅಂತ ಯಾರೂ ಕರೆದು ದುಡ್ಡು ಕೊಡಲಿಲ್ಲ. "ಕ್ರೌಡ್ ಫಂಡಿಂಗ್ ಎಲ್ಲ ಬೆಂಗಳೂರಿನವರಿಗೆ" ಅನ್ನುವ ಮಾತು ಇಲ್ಲೂ ಕೇಳಿದೆ. ಪವನ್ ಕುಮಾರ್ ಜನರ ಹಣದಲ್ಲಿ 'ಲೂಸಿಯಾ' ಮಾಡಿದ್ದು 2013ರಲ್ಲಿ. ಇಷ್ಟು ವರ್ಷ ಆದಮೇಲೂ ನಮ್ಮೂರಲ್ಲಿ ಕ್ಯೂಆರ್ ಕೋಡ್ ಹಾಕಿದರೆ ದೇವಸ್ಥಾನದ ಜೀರ್ಣೋದ್ಧಾರವಾ ಅಂತ ಕೇಳುತ್ತಾರೆ. ನಾನು ಮೊದಲು ಹಾಕಿದ ಕ್ಯೂಆರ್‌ಗೆ ಎರಡು ವಾರದಲ್ಲಿ ಬಂದದ್ದು ಒಂದು ಸಾವಿರದ ನೂರು ಚಿಲ್ಲರೆ. ಅದರಲ್ಲಿ ಐನೂರು ನನ್ನ ಮಾವನದ್ದು.

ಕೆಲಸ ಮಾಡಿದ್ದು ಬೇರೆಯೇ. ಮನೆಗೆ ಎರಡು ಸಾವಿರ. ಬದಲಿಗೆ ಆ ಮನೆಯ ಒಂದು ವಸ್ತು ಸೀರೀಸಿನಲ್ಲಿ ಬರುತ್ತದೆ. ಕೊನೆಯಲ್ಲಿ ಓಡುವ ಹೆಸರಿನ ಸಾಲನ್ನು ಯಾರೂ ನೋಡಲ್ಲ ಅಂತ ಜನರಿಗೂ ಗೊತ್ತು. ಆದರೆ ಅಜ್ಜನ ರೇಡಿಯೋ ಫ್ರೇಮಿನಲ್ಲಿ ಕೂತರೆ ಇಡೀ ಕುಟುಂಬ ನೋಡುತ್ತದೆ, ದುಬೈಯಲ್ಲಿರುವ ಮೊಮ್ಮಗನಿಗೂ ಕಳಿಸುತ್ತದೆ. ಮೂವತ್ತೊಂದು ಮನೆ ಒಪ್ಪಿದವು, ಅರವತ್ತೆರಡು ಸಾವಿರ. ಜೊತೆಗೆ ಮೂರು ಅಂಗಡಿಯವರು ತಲಾ ಹದಿನೈದು ಸಾವಿರ ಕೊಟ್ಟರು: ಒಂದು ಕಾಫಿ ಪುಡಿ, ಒಂದು ಹೋಂಸ್ಟೇ, ಒಂದು ರೇನ್‌ಕೋಟ್ ಮತ್ತು ಗಂಬೂಟ್ ಮಾರುವ ಅಂಗಡಿ. ಕೊನೆಯವರು ಎಂಟು ರೇನ್‌ಕೋಟನ್ನೂ ಕೊಟ್ಟರು. ಅವುಗಳ ಕಥೆ ಮುಂದೆ ಬರುತ್ತದೆ. ಅಪ್ಲೋಡ್ ಮಾಡುವಾಗ ಪೇಯ್ಡ್ ಪ್ರಮೋಷನ್ (ದುಡ್ಡು ಪಡೆದ ಪ್ರಚಾರ) ಅಂತ ಟಿಕ್ ಹಾಕಿದೆ. ಅದನ್ನು ಮರೆಯಬೇಡಿ.

ಮೊದಲ ಮನೆಯನ್ನು ಹೇಗೆ ಒಪ್ಪಿಸಿದೆ ಅಂತ ಕೇಳಬೇಡಿ. ಅದು ನನ್ನ ಬಂಡವಾಳ. ಒಂದು ಸುಳಿವು ಕೊಡುತ್ತೇನೆ: ಮೊದಲು ಹೋಗಬೇಕಾದದ್ದು ಊರಿನ ದೊಡ್ಡ ಸಾಹುಕಾರರ ಮನೆಗಲ್ಲ.

ವಸ್ತುಗಳ ಫಜೀತಿ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಿತ್ತಾಳೆ ಚೊಂಬು, ಬೆತ್ತದ ಕುರ್ಚಿ, ಚಿಮಣಿ ದೀಪ ಎಲ್ಲ ಸಲೀಸು. ಒಬ್ಬರು ನಾಯಿ ಕೊಟ್ಟರು. ಒಬ್ಬರು ಕೋವಿಯೇ ಬರಬೇಕು ಅಂದರು. ಅದನ್ನು ಯಜಮಾನರೇ ತಂದು ಗೋಡೆಗೆ ನೇತುಹಾಕಿ, ಶಾಟ್ ಮುಗಿಯುವವರೆಗೆ ಪಕ್ಕದಲ್ಲೇ ಕೂತು, ಅವರೇ ವಾಪಸ್ ಒಯ್ದರು. ಯಾವ ನಟನ ಕೈಗೂ ಕೊಡಲಿಲ್ಲ. ಇನ್ನೊಂದು ಮನೆಯವರು ತಂದದ್ದು ಮಳೆ ಲೆಕ್ಕದ ಹಳೇ ಪುಸ್ತಕ. ನಮ್ಮಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರಲ್ವಾ, ಅದು. ಮೂರು ತಲೆಮಾರಿನ ಕೈಬರಹ. ಅದನ್ನು ನೋಡಿದ ರಾತ್ರಿ ನನ್ನ ಸ್ಕ್ರಿಪ್ಟನ್ನು ಅರ್ಧ ಹರಿದು ಹಾಕಿದೆ. ಹೊಸ ಕಥೆ: ತೋಟದ ಲೆಕ್ಕ ಬರೆಯುವ ರೈಟ್ರು ಒಬ್ಬರಿಗೆ ಹಳೇ ಮಳೆ ಪುಸ್ತಕದಲ್ಲಿ ಒಂದು ದಿನದ ಲೆಕ್ಕ ತಪ್ಪಾಗಿರುವುದು ಕಾಣುತ್ತದೆ. ಆ ದಿನ ನಿಜವಾಗಿ ಏನಾಯಿತು? ಎರಡು ಸಾವಿರವೂ ಬಂತು, ಕಥೆಯೂ ಬಂತು.

ಈಗ ಮಳೆ. ಆಟಿಯಲ್ಲಿ ಮದುವೆ ಇಲ್ಲ. ಮದುವೆ ಇಲ್ಲ ಅಂದರೆ ಬಾಡಿಗೆ ಕ್ಯಾಮೆರಾ, ಲೈಟು ಎಲ್ಲ ಕಪಾಟಿನಲ್ಲಿ ಮಲಗಿರುತ್ತವೆ. ದಿನಕ್ಕೆ ಎರಡೂವರೆ ಸಾವಿರದ ಸೆಟ್ ನನಗೆ ಒಂಬೈನೂರಕ್ಕೆ ಸಿಕ್ಕಿತು. ಹೋಂಸ್ಟೇ ವಾರಾಂತ್ಯದಲ್ಲಿ ಮಾತ್ರ ತುಂಬುತ್ತದೆ. ನಾವು ಸೋಮವಾರದಿಂದ ಗುರುವಾರದವರೆಗೆ ಹೋದೆವು, ಬಾಡಿಗೆ ಇಲ್ಲ, ಊಟದ ಖರ್ಚು ಅಷ್ಟೇ. ನಟರೆಲ್ಲ ಮನೆಯಲ್ಲಿ ಒಲೆ ಮುಂದೆ ಕೂತು ಬೇಜಾರಾದವರು. ಒಂದು ಶಾಟಿಗೂ ಇನ್ನೊಂದಕ್ಕೂ ಬೆಳಕು ಹೊಂದಬೇಕು ಅನ್ನುವ ಕಂಟಿನ್ಯೂಯಿಟಿಯ ಚಿಂತೆಯೂ ಇಲ್ಲ. ಬೆಳಗ್ಗೆ ಎಂಟಕ್ಕೂ ಸಂಜೆ ನಾಲ್ಕಕ್ಕೂ ಒಂದೇ ಬೂದಿ ಬೆಳಕು. ಜನವರಿಯಲ್ಲಿ ಬಿಸಿಲು ಸರಿದು ಹಾಳಾದ ಶಾಟ್‌ಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಮಳೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಮೊದಲ ಎರಡು ದಿನ ಧೋ ಅಂತ ಸುರಿಯುವಾಗ ತೆಗೆದದ್ದನ್ನು ಮನೆಗೆ ಬಂದು ನೋಡಿದರೆ, ಸ್ಕ್ರೀನಿನಲ್ಲಿ ಮೋಡ ಕವಿದ ಒಣ ದಿನ! ಹಿಂದಿನಿಂದ ಬೆಳಕು ಬೇಕು. ಜೀಪು ನಿಲ್ಲಿಸಿ ಹೆಡ್‌ಲೈಟ್ ಹಾಕಿದೆವು. ಹನಿ ಹನಿಯೂ ಬೆಳ್ಳಿ ದಾರದ ಹಾಗೆ ಕಂಡಿತು. ಬರಿ ಹೆಡ್‌ಲೈಟ್ ಹಾಕಿದರೆ ಜೀಪು ಅಂತ ಗೊತ್ತಾಗುತ್ತದೆ. ಅದರ ಮುಂದೆ ನಾವು ಏನು ಕಟ್ಟಿದೆವು ಅನ್ನೋದನ್ನು ಮುಂದಿನ ಸೀಸನ್ ಮುಗಿದ ಮೇಲೆ ಹೇಳುತ್ತೇನೆ.

ಲೆನ್ಸ್ ಮಂಜಾಗುವುದು ಇನ್ನೊಂದು ಕಾಟ. ಹೊರಗಿನ ಚಳಿಯಿಂದ ಒಲೆ ಉರಿಯುವ ಅಡುಗೆಮನೆಗೆ ಕ್ಯಾಮೆರಾ ತಂದರೆ ಮುಗಿಯಿತು, ಅರ್ಧ ಗಂಟೆ ಕುರುಡು. ಆಮೇಲೆ ಬುದ್ಧಿ ಬಂತು. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೊದಲೇ ಅಡುಗೆಮನೆಯಲ್ಲಿ ಇಟ್ಟು, ಊಟ ಮುಗಿದ ಮೇಲೆ ಬಿಚ್ಚುವುದು. ತೇವಕ್ಕೆ ಲೆನ್ಸಿಗೆ ಹಿಡಿಯುವ ಫಂಗಸ್‌ಗೆ ಒಂದು ಪ್ರಯೋಗ ಮಾಡಿದೆ. ಒಲೆಯ ಮೇಲಿನ ಅಟ್ಟದಲ್ಲಿ ಎಲ್ಲವೂ ಒಣಗಿರುತ್ತದಲ್ವಾ ಅಂತ ಲೆನ್ಸ್ ಪೆಟ್ಟಿಗೆಯನ್ನು ಅಲ್ಲಿಟ್ಟೆ. ಒಣಗಿತು, ನಿಜ. ಆದರೆ ಹೊಗೆ ಹಾಕಿದ ಹಂದಿ ಮಾಂಸದ ವಾಸನೆ ಹಿಡಿದು, ಬಾಡಿಗೆ ಕೊಟ್ಟವನು ಮೂಸಿ ನೋಡಿ ಇನ್ನೂರು ರೂಪಾಯಿ ಜಾಸ್ತಿ ಕಿತ್ತ. ಸಿಲಿಕಾ ಜೆಲ್, ಗಾಳಿಯಾಡದ ಡಬ್ಬಿ. ಅದೇ ಸರಿ.

ಜಾಗ ಆರಿಸುವಾಗ ಮಾತ್ರ ಪ್ರಯೋಗ ಮಾಡಲಿಲ್ಲ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಬರೆ (ಗುಡ್ಡದ ಕಡಿದಾದ ಬದಿ) ಅಂದರೆ ಏನು ಅಂತ ಗೊತ್ತು. ಬರೆಯ ಕೆಳಗೆ, ಹೊಳೆಯ ದಡದಲ್ಲಿ ಒಂದು ಶಾಟೂ ಇಲ್ಲ. ಮೂರನೇ ಸಂಚಿಕೆಯ ಹೊಳೆ ದೃಶ್ಯ ಬರಿ ಶಬ್ದದಲ್ಲೇ ನಡೆಯುತ್ತದೆ. ಅದನ್ನೇ ಜನ ಬಹಳ ಮೆಚ್ಚಿದರು.

ಶಬ್ದ ಅಂದೆನಲ್ಲ, ನಿಜವಾದ ನರಕ ಅಲ್ಲಿತ್ತು. ಶೀಟಿನ ಮಾಡಿನ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೇ ಕೇಳಲ್ಲ, ಮೈಕಿಗೆ ಎಲ್ಲಿಂದ ಕೇಳಬೇಕು? ಮಾಡಿನ ಮೇಲೆ ಗೋಣಿಚೀಲ ಹಾಸಿದೆವು. ಸ್ವಲ್ಪ ಕಮ್ಮಿಯಾಯಿತು. ಗಾಳಿಗೆ ಎರಡು ಹಾರಿ ಪಕ್ಕದ ತೋಟದ ಸಿಲ್ವರ್ ಮರದಲ್ಲಿ ಕೂತವು, ಈಗಲೂ ಅಲ್ಲೇ ಇವೆ. ಹೆಂಚಿನ ಮನೆಗೆ ಬದಲಾಯಿಸಿದೆವು. ಆಗ ರೇನ್‌ಕೋಟ್ ಶುರು ಮಾಡಿತು. ನಟ ಕೈ ಎತ್ತಿದರೆ ಅಂಗಿಗೆ ಸಿಕ್ಕಿಸಿದ ಲೇಪಲ್ ಮೈಕಿನಲ್ಲಿ ಸರಬರ ಸರಬರ. ಸೌಂಡ್ ನೋಡುವ ಹುಡುಗ ಜಿಗಣೆಗಿಂತ ರೇನ್‌ಕೋಟಿಗೇ ಜಾಸ್ತಿ ಬೈದ. ದುಡ್ಡು ಕೊಟ್ಟವರ ಕೋಟು, ತೆಗೆಯುವ ಹಾಗಿಲ್ಲ!

ಕೊನೆಗೆ ಡಬ್ಬಿಂಗ್. ಮಡಿಕೇರಿ ಬಿಟ್ಟು ಸ್ಟುಡಿಯೋ ಹುಡುಕುತ್ತಾ ಹೋದರೆ ದಿನಕ್ಕೆ ನಾಲ್ಕೈದು ಸಾವಿರ. ಆಗ ಸಿಕ್ಕಿದ್ದು ಒಬ್ಬ ಬೆಳೆಗಾರರ ಕಾಫಿ ಗೋದಾಮು. ದರ ಇನ್ನೂ ಏರುತ್ತದೆ ಅಂತ ಅವರು ಮಾರದೆ ಇಟ್ಟಿದ್ದರು, ಸುಮಾರು ಇನ್ನೂರು ಮೂಟೆ. ನಾಲ್ಕು ಗೋಡೆಗೂ ಆಳೆತ್ತರ ಮೂಟೆ. ಒಳಗೆ ನಿಂತು ಚಪ್ಪಾಳೆ ಹೊಡೆದೆ, ಒಂದು ಚೂರೂ ಪ್ರತಿಧ್ವನಿ ಇಲ್ಲ. ಲಕ್ಷ ಕೊಟ್ಟರೂ ಇಂಥ ರೂಮ್ ಸಿಗಲ್ಲ. ನಾಲ್ಕು ಸಂಚಿಕೆ ಅಲ್ಲೇ ಡಬ್ ಮಾಡಿದೆವು. ಐದನೆಯದರ ದಿನ ಹೋದರೆ ಬಾಗಿಲಲ್ಲಿ ಲಾರಿ. ದರ ಏರಿತ್ತು, ಮಾರಿಬಿಟ್ಟರು. ಐದನೇ ಸಂಚಿಕೆಯಲ್ಲಿ ಎಲ್ಲರೂ ಬಾವಿಯೊಳಗಿಂದ ಮಾತಾಡಿದ ಹಾಗೆ ಇದೆ. ಹಾಸಿಗೆ, ಕಂಬಳಿ ಕಟ್ಟಿಯೂ ಸರಿಯಾಗಲಿಲ್ಲ. ಯಾರೋ ಒಬ್ಬರು ಅದನ್ನು "ನೆನಪಿನ ದೃಶ್ಯಕ್ಕೆ ಒಳ್ಳೆ ಸೌಂಡ್ ಡಿಸೈನ್" ಅಂತ ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ.

ನಡುವೆ ಒಂದು ಅಡ್ಡ ಪ್ರಯೋಗ. ಆಗಸ್ಟ್ 3, ಆಟಿ ಹದಿನೆಂಟು, ಕೊಡಗಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಶೂಟಿಂಗ್ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಆ ನೇರಳೆ ಬಣ್ಣ ನೋಡಿ ಫೋನಿನಲ್ಲಿ ಒಂದು ಶಾರ್ಟ್ಸ್ ತೆಗೆದು ಹಾಕಿದೆ. ಮೂರು ಲಕ್ಷ ವ್ಯೂಸ್! ಕುಣಿದಾಡಿದೆವು. ಆಮೇಲೆ ನೋಡಿದರೆ ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಜಾಹೀರಾತಿನ ದುಡ್ಡು ಕೊಡಲು ಯೂಟ್ಯೂಬ್ ಕೇಳುವ ನಾಲ್ಕು ಸಾವಿರ ಗಂಟೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಬಂದ ಸಬ್‌ಸ್ಕ್ರೈಬರ್‌ಗಳು ಈಗಲೂ "ಕಡಂಬುಟ್ಟು ವಿಡಿಯೋ ಯಾವಾಗ?" ಅಂತ ಅಡುಗೆಯನ್ನೇ ಕೇಳುತ್ತಾರೆ, ಸೀರೀಸ್ ನೋಡಲ್ಲ. ತಿಂಗಳಿಗಿಷ್ಟು ಅಂತ ಕೊಡುವ ಮೆಂಬರ್‌ಶಿಪ್ ಕೂಡ ಇಟ್ಟು ನೋಡಿದೆ. ಹದಿನಾಲ್ಕು ಜನ ಸೇರಿದರು. ಯೂಟ್ಯೂಬ್ ಮೂವತ್ತು ಪರ್ಸೆಂಟ್ ಹಿಡಿದು ಉಳಿದದ್ದು ಕೊಡುತ್ತದೆ. ನಮ್ಮ ಟೀ ಖರ್ಚಿಗೂ ಸಾಲಲಿಲ್ಲ.

ಸೀರೀಸಿನ ಮಾತನ್ನು ನಮ್ಮ ಕಡೆ ಆಡುವ ಅರೆಭಾಷೆ ಮತ್ತು ಕನ್ನಡ ಬೆರೆಸಿ ಬರೆದಿದ್ದೆ. ಅದಕ್ಕೂ ಬೇಡ ಅಂದವರಿದ್ದರು, "ಯಾರು ನೋಡ್ತಾರೆ?" ಅಂತ. ಸುಳ್ಯದವರು ನೋಡಿದರು! ಸಂಪಾಜೆ ಘಾಟಿ ಇಳಿದರೆ ಅಲ್ಲೂ ಅದೇ ಮಾತು ಅನ್ನೋದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಎರಡು ಕಡೆ ಹಾಲ್ ಹಿಡಿದು ಮೊದಲ ಎರಡು ಸಂಚಿಕೆ ತೋರಿಸಿ ಡಬ್ಬಿ ಇಟ್ಟೆವು. ಖರ್ಚು ಕಳೆದು ಇಪ್ಪತ್ತೊಂದು ಸಾವಿರ ಉಳಿಯಿತು. ಆಮೇಲೆ ಅದೇ ಹಳೇ ಕ್ಯೂಆರ್ ಹಾಕಿದೆ, ಬೆಂಗಳೂರಿನಲ್ಲಿರುವ ಊರವರಿಂದ ಹದಿನೆಂಟು ಸಾವಿರ ಬಂತು. ಕಥೆ ನೋಡಿದ ಮೇಲೆ ಕೊಡುವವರು ಬೇರೆ ಜನ.

ಜಾಹೀರಾತಿನ ದುಡ್ಡು ಕೇಳುತ್ತೀರಿ, ಗೊತ್ತು. ಆರು ಸಂಚಿಕೆಗೆ ಎರಡು ಲಕ್ಷದ ಹತ್ತು ಸಾವಿರ ವ್ಯೂಸ್ ಹತ್ತಿರ, ಬಂದದ್ದು ಒಂಬತ್ತು ಸಾವಿರ ಇರಬೇಕು. ಅದರಲ್ಲೂ ಎರಡನೇ ಸಂಚಿಕೆಗೆ, ಸಂಗೀತ ತಮ್ಮದು ಅಂತ ಒಂದು ಆಡಿಯೋ ಕಂಪನಿಯ ಕ್ಲೇಮ್ ಬಿತ್ತು. ನಾವೇ ಕರೆಸಿ, ನಮ್ಮ ಮೈಕಿನಲ್ಲೇ ರೆಕಾರ್ಡ್ ಮಾಡಿದ ವಾಲಗ ಅದು! ಐದು ದಿನದೊಳಗೆ ಡಿಸ್ಪ್ಯೂಟ್ (ಆಕ್ಷೇಪ) ಹಾಕಿದ್ದರಿಂದ ದುಡ್ಡು ಆ ಕಂಪನಿಗೆ ಹೋಗದ ಹಾಗೆ ಯೂಟ್ಯೂಬಿನವರು ತಡೆದಿಟ್ಟರು, ಆಮೇಲೆ ನಮಗೆ ಬಂತು. ರೆಕಾರ್ಡಿಂಗ್ ಮಾಡುವಾಗಿನ ವಿಡಿಯೋ ಇಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ಅಪ್ಲೋಡ್ ಎಲ್ಲ ಕುಶಾಲನಗರದಿಂದ. ನಮ್ಮಲ್ಲಿ ಗಾಳಿ ಬಂದರೆ ನೆಟ್ ಎರಡು ದಿನ ಇಲ್ಲ. ಅಲ್ಲಿ ಮಳೆಯೂ ಕಮ್ಮಿ, ನೆಟ್ಟೂ ಇರುತ್ತದೆ. ಹಾರ್ಡ್ ಡಿಸ್ಕ್ ಜೇಬಿನಲ್ಲಿ ಹಾಕಿಕೊಂಡು ಬಸ್ ಹತ್ತುವುದು.

ಒಟ್ಟು ಬಂದದ್ದು ಒಂದು ಲಕ್ಷ ಐವತ್ತೈದು ಸಾವಿರದ ಆಸುಪಾಸು. ಖರ್ಚು ಒಂದು ಲಕ್ಷ ಮೂವತ್ತೆಂಟು. ನಟರಿಗೆ ದಿನಕ್ಕೆ ಐನೂರು ಇದರಲ್ಲೇ ಸೇರಿದೆ. ಉಳಿದದ್ದನ್ನೂ ಅವರಿಗೇ ಹಂಚಿದೆ. ನನಗೆ ಉಳಿದದ್ದು ಒಂದು ರೇನ್‌ಕೋಟ್.

ಎರಡನೇ ಸೀಸನ್ನಿಗೆ ಈಗಾಗಲೇ ನಲವತ್ತು ಚಿಲ್ಲರೆ ಮನೆಯವರು ಹೆಸರು ಕೊಟ್ಟಿದ್ದಾರೆ. ಕ್ಯಾಮೆರಾದ ಹೆಣ ಎತ್ತುತ್ತೇನೆ ಅಂದಿದ್ದ ಗೆಳೆಯನೂ ಒಬ್ಬ. ಗೋದಾಮಿನ ಯಜಮಾನರ ಹತ್ತಿರವೂ ಹೋಗಿದ್ದೆ, ಡಬ್ಬಿಂಗ್ ಮುಗಿಯುವವರೆಗೆ ಮೂಟೆ ಮಾರಬೇಡಿ ಅಂತ ಕೇಳಿಕೊಂಡೆ. "ಅಷ್ಟರಲ್ಲಿ ದರ ಬಿದ್ದರೆ ವ್ಯತ್ಯಾಸ ನೀನು ಕೊಡ್ತೀಯಾ?" ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂತ ಬಂದಿದ್ದೇನೆ.