ಎಂಎಸ್ ಇದ್ದವರ ಎಂಆರ್‌ಐ ರಿಪೋರ್ಟ್: ಚುಕ್ಕೆ ಎಣಿಸಬೇಡಿ, ಹೀಗೆ ಓದಿ

ರಿಪೋರ್ಟ್ ಕೈಗೆ ಬಂತು ಅಂದರೆ ಎಲ್ಲರೂ ಮೊದಲು ಹುಡುಕುವುದು ಮಿದುಳಿನಲ್ಲಿ ಎಷ್ಟು ಬಿಳಿ ಚುಕ್ಕೆ ಇದೆ ಅಂತ, ಅಲ್ವಾ? ಎಂಎಸ್, ಅಂದರೆ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ, ಆ ಲೆಕ್ಕಕ್ಕೂ ಕೈಕಾಲಿನ ತೊಂದರೆಗೂ ನೇರ ತಾಳೆ ಆಗುವುದಿಲ್ಲ. ಇಪ್ಪತ್ತು ಚುಕ್ಕೆ ಇರುವವರು ಡೊಂಬಿವಲಿಯಿಂದ ಮುಂಬೈ ಲೋಕಲ್ ಟ್ರೇನ್ ಹಿಡಿದು ಕೆಲಸಕ್ಕೆ ಹೋಗಿಬರುತ್ತಿರಬಹುದು. ನಾಲ್ಕೇ ಇರುವವರಿಗೆ ಸ್ಟೇಷನ್ ಬ್ರಿಜ್ ಹತ್ತುವುದೂ ಕಷ್ಟವಾಗಬಹುದು.

ಹಾಗಾಗಿ ಮೊದಲು ಜಾಗ ನೋಡಿ. ದಾದರ್ ಹತ್ತಿರ ಸಿಗ್ನಲ್ ಕೆಟ್ಟರೆ ಇಡೀ ಲೈನ್ ನಿಲ್ಲುತ್ತದೆ, ರೈಲು ನಿಲ್ಲಿಸಿಡುವ ಕಾರ್‌ಶೆಡ್ ಒಳಗೆ ಕೆಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ. ಇಲ್ಲೂ ಹಾಗೆಯೇ. ಬೆನ್ನುಹುರಿ ಮತ್ತು ಬ್ರೈನ್‌ಸ್ಟೆಮ್‌ನಲ್ಲಿ (ಮಿದುಳಿನ ಬುಡದಲ್ಲಿ) ನರಗಳು ಇಕ್ಕಟ್ಟಿನಲ್ಲಿ ಹಾದುಹೋಗುತ್ತವೆ, ಅಲ್ಲಿ ಸಣ್ಣ ಕಲೆಯೂ ನಡಿಗೆಯನ್ನು ಕೆಡಿಸಬಹುದು. ಬರೀ ಬ್ರೈನ್ ಸ್ಕ್ಯಾನ್ ಮಾಡಿಸಿದ್ದರೆ ಬೆನ್ನುಹುರಿ ಪೂರ್ತಿ ಕಾಣುವುದಿಲ್ಲ. ಕಾಲು ಬಿಗಿಯುತ್ತಿದ್ದರೆ, ಮೂತ್ರ ತಡೆಯಲು ಆಗದಿದ್ದರೆ, ಬೆನ್ನುಹುರಿಯ ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ಕೇಳಿ.

ಆಮೇಲೆ, ಹೊಸದೋ ಹಳೆಯದೋ. ಟಿ2, ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರಗಳಲ್ಲಿ ಊತವೂ ಬಿಳಿ, ನರದ ಹೊದಿಕೆ ಹೋಗಿದ್ದೂ ಬಿಳಿ, ನರವೇ ಹಾಳಾಗಿದ್ದೂ ಬಿಳಿ, ಎಷ್ಟು ಆಳದ ಪೆಟ್ಟು ಅಂತ ಅದರಿಂದ ತಿಳಿಯುವುದಿಲ್ಲ. ಗ್ಯಾಡೋಲಿನಿಯಮ್ ಎಂಬ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಹೊಳೆಯುವ ಚುಕ್ಕೆ ಅಂದರೆ ಈಚಿನ ಉರಿಯೂತ, ಸಾಮಾನ್ಯವಾಗಿ ಕೆಲವೇ ವಾರಗಳದ್ದು. ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಬಹಳ ಕಾಲ ಕಪ್ಪಾಗಿಯೇ ಉಳಿದ 'ಬ್ಲ್ಯಾಕ್ ಹೋಲ್' ಮತ್ತು ಮಿದುಳು ಕುಗ್ಗಿರುವುದು, ಇವೆರಡೂ ಅಂಗವಿಕಲತೆಗೆ ಹೆಚ್ಚು ಹತ್ತಿರದ ಸುಳಿವು. ಹಳೆಯ ಸ್ಕ್ಯಾನ್ ಸಿಡಿ ತಪ್ಪದೇ ಒಯ್ಯಿರಿ, ಆದಷ್ಟು ಅದೇ ಸೆಂಟರ್‌ನಲ್ಲಿ ಮಾಡಿಸಿ. ಇಲ್ಲದಿದ್ದರೆ ಹೋಲಿಸುವುದೇ ಕಷ್ಟ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮೈ ಚೆನ್ನಾಗಿದೆ ಅಂತ ಹೊಸ ಚುಕ್ಕೆಯನ್ನು ಕಡೆಗಣಿಸಬೇಡಿ, ಔಷಧ ನಿಲ್ಲಿಸಬೇಡಿ. ತೊಂದರೆ ಕಾಣದಿದ್ದರೂ ರೋಗ ಒಳಗೆ ಕೆಲಸ ಮಾಡುತ್ತಿರಬಹುದು.

ಇನ್ನು ಇಡಿಎಸ್‌ಎಸ್ ಅಂಕ, ಅಂದರೆ ಎಂಎಸ್‌ನಿಂದ ಆದ ಅಂಗವಿಕಲತೆ ಎಷ್ಟು ಅಂತ ಹೇಳುವ ಅಂಕ. ಕುರ್ಟ್ಸ್‌ಕೆ ಎಂಬ ನರರೋಗ ತಜ್ಞರು 1983ರಲ್ಲಿ ಕೊಟ್ಟ ಅಳತೆ, 0ಯಿಂದ 10ರವರೆಗೆ. 4 ದಾಟಿದ ಮೇಲೆ ಅದು ಹೆಚ್ಚಾಗಿ ನಡಿಗೆಯನ್ನೇ ನೋಡುತ್ತದೆ. 6 ಅಂದರೆ 100 ಮೀಟರ್ ನಡೆಯಲು ಕೋಲಿನಂಥ ಆಸರೆ ಬೇಕು. ಮರೆವು, ವಿಪರೀತ ಸುಸ್ತು ಇದರಲ್ಲಿ ಸರಿಯಾಗಿ ಲೆಕ್ಕಕ್ಕೆ ಬರುವುದಿಲ್ಲ, ನನಗೆ ಬೇಸರ ಇರುವುದೇ ಅಲ್ಲಿ. ಅದನ್ನು ನೀವೇ ಬರೆದಿಡಬೇಕು. ನಿಲ್ಲದೆ ಎಷ್ಟು ದೂರ ನಡೆದಿರಿ, ಗುಂಡಿ ಹಾಕಲು ಆಯಿತಾ, ಅಡುಗೆ ಮಧ್ಯೆ ಏನು ಮಾಡುತ್ತಿದ್ದೆ ಅಂತ ಮರೆಯಿತಾ. ಎಂಎಸ್ ಇರುವುದು ನಿಮ್ಮ ಅಮ್ಮನಿಗಾಗಿದ್ದು, ಅವರಿಗೆ ಹಿಂದಿ, ಮರಾಠಿ ಸಲೀಸಾಗಿ ಬರದಿದ್ದರೆ ಅವರು ಕನ್ನಡದಲ್ಲಿ ಹೇಳಿದ್ದನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಡಾಕ್ಟರ್ ಎದುರು ಕೂತಾಗ ಅರ್ಧ ಮರೆತೇ ಹೋಗುತ್ತದೆ. ಮುಂಬೈಯ ಮೇ ಸೆಕೆಯಲ್ಲಿ ಕಣ್ಣು ಮಂಜಾಗಿ, ತಂಪಾದ ಮೇಲೆ ಸರಿಹೋದರೆ ಅದು ಹೊಸ ಚುಕ್ಕೆ ಆಗಿರಬೇಕಿಲ್ಲ. ಆದರೆ ಜ್ವರ, ಸೆಕೆ ಏನೂ ಇಲ್ಲದೆ 24 ಗಂಟೆ ಮೀರಿ ಹೊಸ ತೊಂದರೆ ಉಳಿದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಅಂಗವಿಕಲತೆ ಸರ್ಟಿಫಿಕೇಟ್ ಬೇಕಾದವರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಇದೆ. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ 40 ಪ್ರತಿಶತ ಅಂಗವಿಕಲತೆ ಇರಬೇಕು. ಆ ಪ್ರತಿಶತ ಚುಕ್ಕೆಗಳ ಸಂಖ್ಯೆಯಿಂದ ಬರುವುದಿಲ್ಲ. ಆದ್ದರಿಂದ ಸ್ಕ್ಯಾನ್ ಜೊತೆಗೆ ನರರೋಗ ತಜ್ಞರ ಪರೀಕ್ಷೆಯ ಕಾಗದಗಳನ್ನೂ ಫೈಲಿನಲ್ಲಿ ಇಟ್ಟುಕೊಂಡೇ ಹೋಗಿ.